ತವರು ತಪ್ಪಿದ ಕಡಲಾಮೆಗಳು

2021ರಲ್ಲಿ ಒಡಿಶಾದ ತೀರಕ್ಕೆ ಮೊಟ್ಟೆಯಿಡಲು ಬಂದಿದ್ದ ಆಲಿವ್ ರಿಡ್ಲೆ ಕಡಲಾಮೆಯೊಂದಕ್ಕೆ ಭಾರತೀಯ ಪ್ರಾಣಿಶಾಸ್ತ್ರ ಸಮೀಕ್ಷೆಯ ವಿಜ್ಞಾನಿಗಳು ಲೋಹದ ಬಿಲ್ಲೆ ತೊಡಿಸಿದರು. ಬಿಲ್ಲೆಯ ಸಂಖ್ಯೆ 03233. 2025ರ ಜನವರಿಯಲ್ಲಿ ಅದೇ ಆಮೆ ಮೊಟ್ಟೆಯಿಡಲು ದಡ ಹತ್ತಿದ್ದು ಮಹಾರಾಷ್ಟ್ರದ ಗುಹಾಗರದಲ್ಲಿ! ದಕ್ಷಿಣ ಭಾರತವನ್ನು ಪೂರ್ತಿ ಬಳಸಿಕೊಂಡು, ನಮ್ಮ ಕರಾವಳಿಯನ್ನೂ ದಾಟಿಯೇ ಅದು ಅಲ್ಲಿಗೆ ಹೋಗಿರಬೇಕು.

ಹೆಣ್ಣು ಕಡಲಾಮೆ ತಾನು ಹುಟ್ಟಿದ ತೀರಕ್ಕೇ ಮರಳಿ ಮೊಟ್ಟೆಯಿಡುತ್ತದೆ ಎಂದು ಓದಿ ಬೆಳೆದವರಿಗೆ ಇದು ಕಸಿವಿಸಿಯ ಸುದ್ದಿ. ಓದಿದ್ದು ಸುಳ್ಳಲ್ಲ. ಆದರೆ ಅದನ್ನು ಸಾಬೀತುಪಡಿಸುವುದೇ ಬಹುಕಾಲ ಕಷ್ಟವಾಗಿತ್ತು. ಅಂಗೈಯಲ್ಲಿ ಹಿಡಿಸುವ ಮರಿಗೆ ಹಾಕಿದ ಗುರುತು, ಅದು ಬೆಳೆದು ತಾಯಾಗಿ ಬರುವವರೆಗೆ ಉಳಿಯಬೇಕಲ್ಲ? ದಾರಿ ತೋರಿದ್ದು, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಎಂಬ ಪುಟ್ಟ ಭಾಗದ ಡಿಎನ್‌ಎ. ಇದು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ. ಅಳಿಯಸಂತಾನದ ಕುಟುಂಬದಲ್ಲಿರುವಂತೆ ವಂಶದ ಎಣಿಕೆಯೆಲ್ಲ ಹೆಣ್ಣಿನ ಕಡೆಯಿಂದ. ಹೆಣ್ಣುಗಳು ತವರಿಗೇ ಮರಳುತ್ತವೆ ಎಂದಾದರೆ ತೀರದಿಂದ ತೀರಕ್ಕೆ ಈ ಡಿಎನ್‌ಎ ಬೇರೆಯಾಗಿರಬೇಕು.

1989ರಲ್ಲಿ ವಿಜ್ಞಾನಿ ಬ್ರಯಾನ್ ಬೋವೆನ್ ಮತ್ತು ಸಂಗಡಿಗರು ಅಟ್ಲಾಂಟಿಕ್‌ನ ಹಸಿರು ಕಡಲಾಮೆಗಳಲ್ಲಿ ಇದನ್ನೇ ಪರೀಕ್ಷಿಸಿದರು. ತೀರಗಳ ನಡುವೆ ವ್ಯತ್ಯಾಸ ನಿಜಕ್ಕೂ ಇತ್ತು. ಜೊತೆಗೆ ಇನ್ನೊಂದು ಅಂಶವೂ ಹೊರಬಿತ್ತು. ಬ್ರೆಜಿಲ್ ಕರಾವಳಿಯಲ್ಲಿ ಮೇಯುವ ಈ ಆಮೆಗಳಲ್ಲಿ ಕೆಲವು ಮೊಟ್ಟೆಯಿಡಲು ಎರಡು ಸಾವಿರ ಕಿಲೋಮೀಟರ್‌ಗೂ ದೂರದ ಅಸೆನ್ಷನ್ ದ್ವೀಪಕ್ಕೆ ಹೋಗುತ್ತವೆ. ಅಟ್ಲಾಂಟಿಕ್ ಸಾಗರ ಕಿರಿದಾಗಿದ್ದ ಕಾಲದಲ್ಲೇ ಈ ಯಾತ್ರೆ ಶುರುವಾಗಿ, ಸಾಗರತಳ ಹಿಗ್ಗಿದಂತೆ ಹಾದಿಯೂ ಕೋಟ್ಯಂತರ ವರ್ಷಗಳಲ್ಲಿ ಉದ್ದವಾಯಿತು ಎಂದು ಕಡಲಾಮೆ ತಜ್ಞ ಆರ್ಚಿ ಕಾರ್ ಊಹಿಸಿದ್ದರು. ಸೊಗಸಾದ ಊಹೆ. ಆದರೆ ಅಷ್ಟು ಹಳೆಯ ಅಗಲಿಕೆಗೆ ತಕ್ಕಷ್ಟು ವ್ಯತ್ಯಾಸ ಡಿಎನ್‌ಎಯಲ್ಲಿ ಸಿಗಲಿಲ್ಲ. ಭೂಮಿಯ ಕಾಲಮಾನದಲ್ಲಿ ತೀರಾ ಈಚೆಗೆ, ತವರು ತಪ್ಪಿದ ಆಮೆಗಳೇ ಅಸೆನ್ಷನ್‌ನಲ್ಲಿ ನೆಲೆಯೂರಿದ್ದವು.

ಆಲಿವ್ ರಿಡ್ಲೆಗಳಲ್ಲಿ ತವರಿನ ನಂಟಿನ ಈ ಸಡಿಲಿಕೆ ಇನ್ನೂ ಹೆಚ್ಚು. ಒಡಿಶಾದ ಗಹಿರ್‌ಮಾಥಾ, ಋಷಿಕುಲ್ಯಾ ತೀರಗಳಲ್ಲಿ ಅವು ಸಾವಿರ ಲಕ್ಷಗಳ ಲೆಕ್ಕದಲ್ಲಿ ಒಟ್ಟಿಗೆ ದಡ ಹತ್ತುತ್ತವೆ. ನದೀಮುಖದ ಆ ಮರಳದಿಬ್ಬಗಳೋ ಚಂಡಮಾರುತಕ್ಕೆ ಸಿಕ್ಕಿ ಆಕಾರ ಬದಲಿಸುತ್ತಲೇ ಇರುತ್ತವೆ. ಅಂಥ ಕಡೆ ಹುಟ್ಟಿದ ಜಾಗವೇ ಬೇಕೆಂದು ಹಟ ಹಿಡಿದರೆ ವಂಶವೇ ನಿಂತೀತು. ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಕಾರ್ತಿಕ್ ಶಂಕರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಭಾರತದ ಪೂರ್ವ ಕರಾವಳಿಯ ರಿಡ್ಲೆಗಳೆಲ್ಲ ಪರಸ್ಪರ ಬೆರೆತ ಒಂದೇ ಸಮುದಾಯ. ಆದರೆ ಪಕ್ಕದ ಶ್ರೀಲಂಕಾದವುಗಳಿಂದಲೂ ಅವು ಭಿನ್ನ. ಭಾರತದವುಗಳಲ್ಲಿ ಸುಮಾರು 96 ಶೇಕಡಾ ಆಮೆಗಳು ಬೇರೆಲ್ಲೂ ಕಾಣದ, ಬಹು ಪುರಾತನವಾದ ತಾಯಿವಂಶಕ್ಕೆ ಸೇರಿದವು. ಜಗತ್ತಿನ ಇತರ ಆಲಿವ್ ರಿಡ್ಲೆಗಳ ಮೂಲವೂ ಇದೇ ಇರಬಹುದೆಂಬುದು ಅವರ ತೀರ್ಮಾನ. ಇಂಥ ವಂಶದ ಒಂದು ಲಕ್ಷಕ್ಕೂ ಹೆಚ್ಚು ಆಮೆಗಳು ಆ ಅಧ್ಯಯನಕ್ಕೆ ಹಿಂದಿನ ಹತ್ತು ವರ್ಷಗಳಲ್ಲಿ ಒಡಿಶಾದ ತೀರದಲ್ಲಿ ಸತ್ತುಬಿದ್ದಿದ್ದವು, ಮುಖ್ಯವಾಗಿ ಮೀನುಗಾರಿಕೆಯ ಬಲೆಗಳಿಗೆ ಸಿಕ್ಕಿ.

ತಂದೆಯರ ಕಥೆಯೇ ಬೇರೆ. ಗಂಡು ಕಡಲಾಮೆ ದಡಕ್ಕೆ ಬರುವುದು ತೀರಾ ಅಪರೂಪ. ತೀರದಲ್ಲಿ ಕಾದು ಕುಳಿತು ಅವುಗಳನ್ನು ಎಣಿಸಲಾಗದು. ಆದರೆ ತಂದೆ ತಾಯಿ ಇಬ್ಬರಿಂದಲೂ ಬರುವ ಕೋಶಕೇಂದ್ರದ ಡಿಎನ್‌ಎಯನ್ನು ಒಂದು ಗೂಡಿನ ಮರಿಗಳಲ್ಲಿ ಹೋಲಿಸಿದರೆ ಎಷ್ಟು ಗಂಡುಗಳ ಪಾಲಿದೆಯೆಂದು ತಿಳಿಯುತ್ತದೆ. ಕೋಸ್ಟರಿಕಾದಲ್ಲಿ, ಆಲಿವ್ ರಿಡ್ಲೆಗಳು ಗುಂಪಾಗಿ ಬರುವ ಒಸ್ಟಿಯೊನಾಲ್ ತೀರದಲ್ಲಿ ಪರೀಕ್ಷಿಸಿದ ಗೂಡುಗಳ ಪೈಕಿ 92 ಶೇಕಡಾದಲ್ಲಿ ಒಬ್ಬನಿಗಿಂತ ಹೆಚ್ಚು ತಂದೆಯರಿದ್ದರು. ಒಂಟಿಯಾಗಿ ಬರುವ ಇನ್ನೊಂದು ತೀರದಲ್ಲಿ 30 ಶೇಕಡಾದಲ್ಲಿ ಮಾತ್ರ.

ಈ ಲೆಕ್ಕ ಈಗ ತುರ್ತಿನದು. ಮೊಟ್ಟೆಯೊಳಗಿನ ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ಮರಳಿನ ಬಿಸಿ. ಬಿಸಿ ಏರಿದರೆ ಹೆಣ್ಣು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರ ಭಾಗದಲ್ಲಿ ಹುಟ್ಟಿದ ಎಳೆಯ ಹಸಿರು ಕಡಲಾಮೆಗಳಲ್ಲಿ 99 ಶೇಕಡಾ ಹೆಣ್ಣೆಂದು 2018ರಲ್ಲಿ ವರದಿಯಾಗಿದೆ. ಕರ್ನಾಟಕದಲ್ಲಿ ಹೊನ್ನಾವರದ ಕಾಸರಕೋಡಿನಂಥ ತೀರಗಳಿಗೂ ರಿಡ್ಲೆಗಳು ಒಂಟೊಂಟಿಯಾಗಿ ಬಂದು ಮೊಟ್ಟೆಯಿಡುತ್ತವೆ. ಇಂಥ ಗೂಡುಗಳಲ್ಲಿ ತಂದೆಯರನ್ನು ಎಣಿಸಲು ಯಾವ ಆಮೆಗೂ ಸೂಜಿ ಚುಚ್ಚಬೇಕಾಗಿಲ್ಲ. ಮರಿಗಳೆಲ್ಲ ಕಡಲಿಗಿಳಿದ ಮೇಲೆ ಗೂಡಿನಲ್ಲಿ ಸತ್ತು ಉಳಿದವುಗಳ ಅಂಗಾಂಶದಿಂದಲೇ ಕೆಲಸ ಆರಂಭಿಸಬಹುದು.