ಬಿಡುಗಡೆಯ ನಂತರ ದೋಷ ಸಿಕ್ಕರೆ ಅದರ ಹೊಣೆ ಟೆಸ್ಟರ್ ಮೇಲೆಯೇ?

ಪ್ರಶ್ನೆ: ನಮ್ಮ ಎಂಟು ಜನರ ತಂಡದಲ್ಲಿ ನಾನೊಬ್ಬಳೇ ಟೆಸ್ಟರ್. ಸಾಫ್ಟ್‌ವೇರ್ ಬಿಡುಗಡೆಯಾದ ಮೇಲೆ ಯಾವುದಾದರೂ ದೋಷ ಕಂಡುಬಂದಾಗಲೆಲ್ಲ ‘ಟೆಸ್ಟಿಂಗ್‌ನಲ್ಲಿ ಇದು ಏಕೆ ಸಿಗಲಿಲ್ಲ?’ ಎಂದು ಮೊದಲು ನನ್ನನ್ನೇ ಕೇಳುತ್ತಾರೆ. ಗುಣಮಟ್ಟದ ಹೊಣೆ ನಿಜವಾಗಿ ಯಾರದ್ದು? ಬಿಡುಗಡೆಗೆ ಒಪ್ಪಿಗೆ ಕೊಡುವ ಸಹಿಯನ್ನು ನಾನು ಹಾಕಬೇಕೇ?

ಉತ್ತರ: ದೋಷಗಳನ್ನು ಹುಡುಕಿ, ಅವುಗಳ ಬಗ್ಗೆ ತಂಡಕ್ಕೆ ಸರಿಯಾದ ಮಾಹಿತಿ ಕೊಡುವುದು ನಿಮ್ಮ ಹೊಣೆ. ದೋಷ ಹುಟ್ಟದಂತೆ ನೋಡಿಕೊಳ್ಳುವುದು, ಹುಟ್ಟಿದ್ದನ್ನು ತಿದ್ದುವುದು, ತಿದ್ದದೆ ಉಳಿದವುಗಳನ್ನು ಇಟ್ಟುಕೊಂಡೇ ಬಿಡುಗಡೆ ಮಾಡಬಹುದೇ ಎಂದು ತೀರ್ಮಾನಿಸುವುದು, ಇವೆಲ್ಲ ಬೇರೆ ಬೇರೆಯವರ ಹೊಣೆ. ‘ಗುಣಮಟ್ಟ ಎಲ್ಲರ ಹೊಣೆ’ ಎಂಬ ಮಾತನ್ನು ನೀವು ಅನೇಕ ಸಭೆಗಳಲ್ಲಿ ಕೇಳಿರುತ್ತೀರಿ. ಮಾತು ಸುಳ್ಳಲ್ಲ, ಆದರೆ ಅಷ್ಟಕ್ಕೇ ನಿಂತರೆ ಪ್ರಯೋಜನವಿಲ್ಲ. ಎಲ್ಲರದ್ದೂ ಎಂದು ಬಿಟ್ಟ ಕೆಲಸವನ್ನು ಯಾರೂ ಕೈಗೆತ್ತಿಕೊಳ್ಳುವುದಿಲ್ಲ. ಕೊನೆಗೆ ಅದು ಸಾಲಿನ ತುದಿಯಲ್ಲಿ ನಿಂತವರ ತಲೆಗೆ ಬರುತ್ತದೆ. ನಿಮ್ಮ ವಿಷಯದಲ್ಲಿ ಆಗಿರುವುದು ಬಹುಶಃ ಇದೇ.

ಗೊಂದಲಕ್ಕೆ ಹುದ್ದೆಯ ಹೆಸರೂ ಸ್ವಲ್ಪ ಕಾರಣ. ಟೆಸ್ಟರ್‌ಗಳನ್ನು ರೂಢಿಯಲ್ಲಿ ‘ಕ್ಯೂಎ’ ಎಂದು ಕರೆಯುತ್ತೇವೆ. ಕ್ವಾಲಿಟಿ ಅಶ್ಯೂರೆನ್ಸ್ ಎಂದರೆ ಕೆಲಸ ನಡೆಯುವ ಕ್ರಮವೇ ಗುಣಮಟ್ಟವನ್ನು ಹುಟ್ಟಿಸುವಂತೆ ನೋಡಿಕೊಳ್ಳುವುದು: ಸಾಫ್ಟ್‌ವೇರ್ ಏನೇನು ಮಾಡಬೇಕೆಂಬ ಅಗತ್ಯಗಳನ್ನು ಹೇಗೆ ಬರೆಯುತ್ತಾರೆ, ಕೋಡ್ ರಿವ್ಯೂ (ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ಪರಿಶೀಲಿಸುವುದು) ಹೇಗೆ ನಡೆಯುತ್ತದೆ, ಬದಲಾವಣೆಗಳಿಗೆ ಯಾರ ಒಪ್ಪಿಗೆ ಬೇಕು ಎಂಬುದೆಲ್ಲ ಅದರೊಳಗೆ ಬರುತ್ತದೆ. ಸಿದ್ಧವಾದುದನ್ನು ಪರೀಕ್ಷಿಸಿ ದೋಷ ಹುಡುಕುವುದು ಕ್ವಾಲಿಟಿ ಕಂಟ್ರೋಲ್. ನಿಮ್ಮ ಕೈಗೆ ಎರಡನೆಯ ಕೆಲಸವನ್ನು ಮಾತ್ರ ಕೊಟ್ಟು, ಮೊದಲನೆಯದರ ಫಲಿತಾಂಶವನ್ನೂ ನಿಮ್ಮಿಂದಲೇ ಕೇಳುವುದು ನ್ಯಾಯವಲ್ಲ.

ಹೊಣೆ ಹೇಗೆ ಹಂಚಿಹೋಗಿರುತ್ತದೆ ಎಂಬುದನ್ನು ತಿಳಿಯಲು ಏರಿಯಾನ್ 5 ರಾಕೆಟ್‌ನ ಮೊದಲ ಹಾರಾಟಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂ ಉಡಾವಣಾ ಕೇಂದ್ರದಿಂದ ಮೇಲೇರಿದ ಈ ರಾಕೆಟ್ ಸುಮಾರು 40 ಸೆಕೆಂಡುಗಳಲ್ಲಿ ದಾರಿ ತಪ್ಪಿ ಒಡೆದುಹೋಯಿತು. ರಾಕೆಟ್‌ನ ಸ್ಥಿತಿ ಮತ್ತು ಚಲನೆಯನ್ನು ಅಳೆಯುವ ಉಪಕರಣದ ಸಾಫ್ಟ್‌ವೇರ್, 64 ಬಿಟ್‌ಗಳ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ಗಳ ಪೂರ್ಣಾಂಕವಾಗಿ ಪರಿವರ್ತಿಸಲು ಹೋದಾಗ ಆ ಸಂಖ್ಯೆ ಅದರಲ್ಲಿ ಹಿಡಿಸಲಿಲ್ಲ. ಉಪಕರಣ ಕೆಲಸ ನಿಲ್ಲಿಸಿತು. ಬದಲಿಯಾಗಿ ಇಟ್ಟಿದ್ದ ಉಪಕರಣದಲ್ಲಿಯೂ ಅದೇ ಸಾಫ್ಟ್‌ವೇರ್ ಇದ್ದುದರಿಂದ ಅದೂ ಅದೇ ಕಾರಣಕ್ಕೆ ನಿಂತುಹೋಗಿತ್ತು.

ಇಷ್ಟನ್ನೇ ಓದಿದವರಿಗೆ ಇದು ಒಬ್ಬ ಪ್ರೋಗ್ರಾಮರ್‌ನ ತಪ್ಪಿನಂತೆ ಕಾಣಬಹುದು. ತನಿಖಾ ಮಂಡಳಿಯ ವರದಿಯನ್ನು ಓದಿದರೆ ಚಿತ್ರವೇ ಬೇರೆ. ಆ ಕೋಡ್ ಏರಿಯಾನ್ 4ರಿಂದ ಬಂದದ್ದು, ಅಲ್ಲಿ ಸರಿಯಾಗಿಯೇ ಕೆಲಸ ಮಾಡಿತ್ತು. ದೋಷ ಕಾಣಿಸಿಕೊಂಡ ಭಾಗಕ್ಕೆ ಏರಿಯಾನ್ 5ರಲ್ಲಿ, ರಾಕೆಟ್ ಮೇಲೆದ್ದ ನಂತರ, ಯಾವ ಕೆಲಸವೂ ಇರಲಿಲ್ಲ. ಅಪಾಯವಿದ್ದ ಏಳು ಮೌಲ್ಯಗಳಲ್ಲಿ ನಾಲ್ಕಕ್ಕೆ ರಕ್ಷಣೆ ಕೊಟ್ಟು ಮೂರನ್ನು ಹಾಗೆಯೇ ಬಿಡಲಾಗಿತ್ತು, ಏಕೆಂದರೆ ಕಂಪ್ಯೂಟರ್‌ನ ಮೇಲಿನ ಹೊರೆ ಶೇ. 80ನ್ನು ಮೀರಬಾರದೆಂಬ ಗುರಿ ಇತ್ತು. ಆ ತೀರ್ಮಾನದಲ್ಲಿ ಯೋಜನೆಯ ಹಲವು ಹಂತಗಳ ಪಾಲುದಾರರು ಸೇರಿದ್ದರು. ಹೊಸ ರಾಕೆಟ್ ಏರುವ ಪಥ ಹಳೆಯದರದ್ದಕ್ಕಿಂತ ಬೇರೆಯಾಗಿದ್ದರೂ, ಆ ಪಥದ ಮಾಹಿತಿಯನ್ನು ಉಪಕರಣದ ಅಗತ್ಯಗಳ ದಾಖಲೆಯಲ್ಲಿ ಸೇರಿಸಿಯೇ ಇರಲಿಲ್ಲ. ಇಡೀ ವ್ಯವಸ್ಥೆಯನ್ನು ಜೋಡಿಸಿ ಪರೀಕ್ಷಿಸುವಾಗ ನಿಜವಾದ ಉಪಕರಣದ ಬದಲು ಅದನ್ನು ಅನುಕರಿಸುವ ಸಾಫ್ಟ್‌ವೇರ್ ಬಳಸಲಾಗಿತ್ತು.

ಈಗ ನಿಮ್ಮ ತಂಡದವರು ಕೇಳುವ ಪ್ರಶ್ನೆಯನ್ನು ಇಲ್ಲಿ ಕೇಳಿ ನೋಡಿ. ಟೆಸ್ಟಿಂಗ್‌ನಲ್ಲಿ ಇದು ಏಕೆ ಸಿಗಲಿಲ್ಲ? ಹೊಸ ಪಥದ ಮಾಹಿತಿ ದಾಖಲೆಯಲ್ಲಿ ಇಲ್ಲದೆ, ನಿಜವಾದ ಉಪಕರಣವನ್ನು ಆ ಪಥದಲ್ಲಿ ಓಡಿಸಿ ನೋಡುವ ಏರ್ಪಾಡೂ ಇಲ್ಲದೆ, ಪರೀಕ್ಷೆ ಮಾಡುವವರು ಎಷ್ಟೇ ಶ್ರದ್ಧೆಯಿಂದ ದುಡಿದಿದ್ದರೂ ಅವರ ಕೈಗೆ ಈ ದೋಷ ಸಿಗುವ ಸಾಧ್ಯತೆ ತೀರ ಕಡಿಮೆಯಿತ್ತು. ಅಗತ್ಯ ಬರೆದವರು, ವಿನ್ಯಾಸ ಮಾಡಿದವರು, ಹಳೆಯ ಕೋಡನ್ನು ಹಾಗೆಯೇ ಉಳಿಸಿಕೊಳ್ಳಲು ಒಪ್ಪಿದವರು, ಪರೀಕ್ಷೆಯ ವ್ಯಾಪ್ತಿ ಎಷ್ಟಿರಬೇಕೆಂದು ತೀರ್ಮಾನಿಸಿದವರು, ಇವರಲ್ಲಿ ಒಬ್ಬೊಬ್ಬರಿಗೂ ಅದನ್ನು ತಡೆಯುವ ಒಂದೊಂದು ಅವಕಾಶ ಇತ್ತು.

ದಿನನಿತ್ಯದ ಕೆಲಸದಲ್ಲಿ ಈ ಹಂಚಿಕೆ ಹೇಗಿರುತ್ತದೆ ಎಂಬುದಕ್ಕೆ ಒಂದು ಸಣ್ಣ ಸೌಲಭ್ಯವನ್ನು ತೆಗೆದುಕೊಳ್ಳೋಣ: ಬಳಕೆದಾರರು ತಮ್ಮ ಖಾತೆಯಲ್ಲಿರುವ ಮೊಬೈಲ್ ಸಂಖ್ಯೆಯನ್ನು ಬದಲಿಸಿಕೊಳ್ಳಬೇಕು. ಹಳೆಯ ಸಂಖ್ಯೆಗೆ ಒಟಿಪಿ ಕಳುಹಿಸಿ ಖಚಿತಪಡಿಸಿಕೊಳ್ಳಬೇಕು ಎಂದು ಪ್ರಾಡಕ್ಟ್ ಓನರ್, ಅಂದರೆ ಸಾಫ್ಟ್‌ವೇರ್‌ನಲ್ಲಿ ಏನಿರಬೇಕೆಂದು ತೀರ್ಮಾನಿಸುವವರು, ಬರೆಯುತ್ತಾರೆ. ಹಳೆಯ ಫೋನ್ ಕಳೆದುಹೋಗಿರುವುದರಿಂದಲೇ ಸಂಖ್ಯೆ ಬದಲಿಸಲು ಬಂದವರು ಏನು ಮಾಡಬೇಕು? ಈ ಪ್ರಶ್ನೆಯನ್ನು ಅಗತ್ಯಗಳನ್ನು ಚರ್ಚಿಸುವ ಸಭೆಯಲ್ಲಿ ಕೇಳಿದರೆ ಹತ್ತು ನಿಮಿಷದ ಮಾತು. ಎಲ್ಲ ಸಿದ್ಧವಾದ ಮೇಲೆ ಕೇಳಿದರೆ ಡೇಟಾಬೇಸ್‌ನಿಂದ ಪರದೆಯವರೆಗೆ ಎಲ್ಲವನ್ನೂ ಮತ್ತೆ ಬಿಚ್ಚಬೇಕಾಗುತ್ತದೆ. ಇಂಥ ಪ್ರಶ್ನೆ ಮೊದಲು ಹೊಳೆಯುವುದು ಹೆಚ್ಚಾಗಿ ಟೆಸ್ಟರ್‌ಗೆ, ಆದ್ದರಿಂದ ನೀವು ಆ ಸಭೆಯಲ್ಲಿ ಇರಲೇಬೇಕು. ನಿಮ್ಮನ್ನು ಕರೆಯುತ್ತಿಲ್ಲವಾದರೆ ಕರೆಯುವಂತೆ ಕೇಳಿಕೊಳ್ಳಿ. ನಿಮ್ಮ ತಂಡದಲ್ಲಿ ಒಂದನ್ನೇ ಬದಲಿಸಲು ಸಾಧ್ಯವಿದ್ದರೆ ನಾನು ಸೂಚಿಸುವುದು ಇದನ್ನೇ. ಒಟಿಪಿಯ ಅವಧಿ ಮುಗಿದಾಗ, ಅಂಕಿ ತಪ್ಪಾದಾಗ, ಒಂದೇ ಕೋರಿಕೆ ಎರಡು ಸಲ ಬಂದಾಗ ಕೋಡ್ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಯೂನಿಟ್ ಟೆಸ್ಟ್ (ಕೋಡ್‌ನ ಒಂದೊಂದು ಸಣ್ಣ ಭಾಗವನ್ನು ಬೇರೆಯಾಗಿ ಪರೀಕ್ಷಿಸುವ ಕೋಡ್) ಬರೆದು ನೋಡಿಕೊಳ್ಳುವುದು ಡೆವಲಪರ್‌ನ ಕೆಲಸ. ಆ ಟೆಸ್ಟ್‌ಗಳು ಇವೆಯೇ ಎಂದು ಕೇಳುವುದು ಕೋಡ್ ರಿವ್ಯೂ ಮಾಡುವವರ ಕೆಲಸ. ಪರೀಕ್ಷೆಗೆ ಇಟ್ಟಿದ್ದ ಐದು ದಿನಗಳನ್ನು ಗಡುವಿನ ಒತ್ತಡದಲ್ಲಿ ಎರಡಕ್ಕೆ ಇಳಿಸಿದ ಪ್ರಾಜೆಕ್ಟ್ ಮ್ಯಾನೇಜರ್, ಅದರಿಂದ ಏನೇನು ಪರೀಕ್ಷೆಯಾಗದೆ ಉಳಿಯಿತು ಎಂಬುದನ್ನು ತಿಳಿದು ಒಪ್ಪಿಕೊಳ್ಳಬೇಕು.

ಸಾಫ್ಟ್‌ವೇರನ್ನು ಸರ್ವರ್‌ಗಳಿಗೆ ಏರಿಸುವವರನ್ನು ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಮರೆಯುತ್ತೇವೆ. ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್, 2012ರ ಆಗಸ್ಟ್ 1ರಂದು ಸುಮಾರು 45 ನಿಮಿಷಗಳಲ್ಲಿ ನಡೆದ ತಪ್ಪು ವಹಿವಾಟಿನಿಂದ 46 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡಿತು. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಏರಿರಲಿಲ್ಲ. ಅಲ್ಲಿ ಉಳಿದಿದ್ದ, ಎಷ್ಟೋ ವರ್ಷಗಳಿಂದ ಬಳಕೆಯಲ್ಲಿರದ ಹಳೆಯ ಕೋಡ್ ಎಚ್ಚೆತ್ತುಕೊಂಡಿತು. ಏರಿಸಿದ್ದನ್ನು ಇನ್ನೊಬ್ಬರು ಪರಿಶೀಲಿಸಬೇಕೆಂಬ ಲಿಖಿತ ನಿಯಮ ಆ ಸಂಸ್ಥೆಯಲ್ಲಿ ಇರಲಿಲ್ಲ.

ಹಾಗಾದರೆ ಟೆಸ್ಟರ್ ಎಂಬ ಪ್ರತ್ಯೇಕ ಹುದ್ದೆ ಬೇಕೇ ಎಂದು ಕೆಲವರು ಕೇಳಬಹುದು. ಕೆಲಸವನ್ನು ಸಣ್ಣ ಸಣ್ಣ ಅವಧಿಗಳಲ್ಲಿ ಮಾಡಿ ಮುಗಿಸುವ ಸ್ಕ್ರಮ್ ಎಂಬ ಪದ್ಧತಿಯ 2020ರ ಮಾರ್ಗದರ್ಶಿಯಲ್ಲಿ ಪ್ರಾಡಕ್ಟ್ ಓನರ್, ಸ್ಕ್ರಮ್ ಮಾಸ್ಟರ್ (ತಂಡ ಈ ಪದ್ಧತಿಯನ್ನು ಸರಿಯಾಗಿ ಪಾಲಿಸುವಂತೆ ನೋಡಿಕೊಳ್ಳುವವರು), ಡೆವಲಪರ್‌ಗಳು ಎಂಬ ಮೂರೇ ಪಾತ್ರಗಳಿವೆ. ಪರೀಕ್ಷೆಯ ಕೌಶಲವುಳ್ಳವರೂ ಡೆವಲಪರ್‌ಗಳ ಗುಂಪಿನಲ್ಲೇ ಸೇರುತ್ತಾರೆ. ಕೆಲಸ ‘ಮುಗಿದಿದೆ’ ಎನ್ನಲು ಯಾವ ಯಾವ ಮಟ್ಟ ತಲುಪಿರಬೇಕು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕೆಂದು ಆ ಪದ್ಧತಿ ಹೇಳುತ್ತದೆ, ಮತ್ತು ಅದು ಬಹಳ ಒಳ್ಳೆಯ ಅಭ್ಯಾಸ. ಆದರೂ ಪರೀಕ್ಷೆಯನ್ನೇ ಮುಖ್ಯ ಕಸುಬಾಗಿ ಮಾಡಿಕೊಂಡವರು ತಂಡದಲ್ಲಿ ಇರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅಗತ್ಯವನ್ನು ತಪ್ಪಾಗಿ ಅರ್ಥಮಾಡಿಕೊಂಡ ಡೆವಲಪರ್ ಅದೇ ತಪ್ಪು ಅರ್ಥದ ಮೇಲೆ ಕೋಡನ್ನೂ ಬರೆಯುತ್ತಾನೆ, ಟೆಸ್ಟನ್ನೂ ಬರೆಯುತ್ತಾನೆ. ಎರಡೂ ಒಂದಕ್ಕೊಂದು ಹೊಂದುವುದರಿಂದ ತಪ್ಪು ಹೊರಗೆ ಬರುವುದೇ ಇಲ್ಲ. ಅದನ್ನು ಕಾಣಲು ಇನ್ನೊಂದು ಜೋಡಿ ಕಣ್ಣು ಬೇಕು.

ಆ ಕಣ್ಣಿಗೂ ಮಿತಿಯಿದೆ ಎಂಬುದನ್ನು ತಂಡದವರಿಗೆ ಲೆಕ್ಕದ ಮೂಲಕವೇ ತೋರಿಸಬಹುದು. ಒಂದು ಪರದೆಯಲ್ಲಿ ‘ಹೌದು’ ಅಥವಾ ‘ಇಲ್ಲ’ ಎಂದು ಆರಿಸಬೇಕಾದ ಹತ್ತು ಆಯ್ಕೆಗಳಿದ್ದರೆ 1,024 ಸಂಯೋಜನೆಗಳಾಗುತ್ತವೆ, ಇಪ್ಪತ್ತಿದ್ದರೆ 10,48,576. ಪರೀಕ್ಷೆಯಿಂದ ದೋಷಗಳು ಇವೆ ಎಂದು ತೋರಿಸಬಹುದೇ ಹೊರತು ಇಲ್ಲವೆಂದು ತೋರಿಸಲಾಗದು ಎಂದು ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1969ರಷ್ಟು ಹಿಂದೆಯೇ ಹೇಳಿದ್ದರು. ಹಾಗೆಂದು ಬಿಡುಗಡೆಯ ನಂತರ ಸಿಕ್ಕ ದೋಷದ ಬಗ್ಗೆ ನಿಮ್ಮನ್ನು ಯಾರೂ ಏನೂ ಕೇಳಬಾರದು ಎಂದಲ್ಲ. ಪರೀಕ್ಷಿಸುತ್ತೇನೆಂದು ಯೋಜನೆಯಲ್ಲಿ ಬರೆದದ್ದನ್ನು ಪರೀಕ್ಷಿಸದೆ ಬಿಟ್ಟಿದ್ದರೆ ಆ ಲೋಪ ನಿಮ್ಮದೇ, ಅದನ್ನು ನೇರವಾಗಿ ಒಪ್ಪಿಕೊಳ್ಳಬೇಕು. ಉಳಿದ ಸಂದರ್ಭಗಳಲ್ಲಿ, ‘ಈ ದೋಷ ಎಲ್ಲಿ ಹುಟ್ಟಿತು, ಎಲ್ಲಕ್ಕಿಂತ ಮೊದಲು ಯಾವ ಹಂತದಲ್ಲಿ ಕಾಣಬಹುದಿತ್ತು, ಅಲ್ಲಿ ಏಕೆ ಕಾಣಲಿಲ್ಲ?’ ಎಂದು ಇಡೀ ತಂಡ ಕುಳಿತು ಹುಡುಕಲಿ. ಬೇಕಿದ್ದರೆ ಕಳೆದ ಹತ್ತು ದೋಷಗಳನ್ನು ಹೀಗೆ ಗುರುತಿಸಿ ಪಟ್ಟಿ ಮಾಡಿ ಮುಂದಿನ ಸಭೆಗೆ ಒಯ್ಯಿರಿ.

ಕೊನೆಯದಾಗಿ ಸಹಿಯ ವಿಷಯ. ಬಿಡುಗಡೆ ಎನ್ನುವುದು ವ್ಯವಹಾರದ ತೀರ್ಮಾನ. ತಿಳಿದಿರುವ ಒಂದು ದೋಷವನ್ನು ಉಳಿಸಿಕೊಂಡೇ ಇಂದು ಬಿಡುವುದರಿಂದ ಆಗುವ ಹಾನಿ, ಅದನ್ನು ತಿದ್ದಲು ಎರಡು ವಾರ ಕಾಯುವುದರಿಂದ ಆಗುವ ಹಾನಿ, ಇವೆರಡನ್ನೂ ತೂಗಿ ನೋಡುವ ಅಧಿಕಾರ ನಿಮಗಿಲ್ಲ. ಅಧಿಕಾರವಿಲ್ಲದ ಕಡೆ ಹೊಣೆಯನ್ನು ಹೊರಬೇಡಿ. ನೀವು ಕೊಡಬೇಕಾದದ್ದು ಒಂದು ಪುಟದ ವರದಿ: ಏನನ್ನು ಪರೀಕ್ಷಿಸಲಾಗಿದೆ, ಏನನ್ನು ಪರೀಕ್ಷಿಸಿಲ್ಲ ಮತ್ತು ಏಕೆ, ತಿದ್ದದೆ ಉಳಿದ ದೋಷಗಳು ಯಾವುವು, ಅವುಗಳಿಂದ ಯಾರಿಗೆ ಏನು ತೊಂದರೆಯಾಗಬಹುದು. ಈ ಮಾಹಿತಿ ಸರಿಯಾಗಿದೆ ಎಂಬುದರ ಕೆಳಗೆ ನಿಮ್ಮ ಸಹಿ ಇರಲಿ. ‘ಇದನ್ನು ಓದಿ ಬಿಡುಗಡೆಗೆ ಒಪ್ಪಿದ್ದೇನೆ’ ಎಂಬುದರ ಕೆಳಗೆ ಪ್ರಾಡಕ್ಟ್ ಓನರ್ ಸಹಿ ಹಾಕಬೇಕು.