ತೆರೆದು ನೋಡಿದರೆ ಏನಾಗುತ್ತೆ ಅನ್ನುವವರಿಗೆ

"ಫೈಲ್ ಸುಮ್ನೆ ತೆರೆದು ನೋಡಿದೆ ಅಷ್ಟೇ. ಓಡಿಸಿಲ್ಲವಲ್ಲ, ಏನಾಗುತ್ತೆ?" ಈ ಮಾತು ಕಂಪ್ಯೂಟರ್ ಗೊತ್ತಿಲ್ಲದವರದ್ದಲ್ಲ. ದಿನವೂ ಕೋಡ್ ಬರೆಯುವವರೇ ಹೀಗೆ ಹೇಳುತ್ತಾರೆ. ಇಎಕ್ಸ್‌ಇ ಫೈಲ್ ಮಾತ್ರ ಅಪಾಯ, ಟೆಕ್ಸ್ಟ್ ಫೈಲ್ ಪಾಪದ್ದು ಎಂಬ ಗಟ್ಟಿ ನಂಬಿಕೆ ಇದರ ಹಿಂದಿದೆ. ಬೆಕ್ಕು ಅಡ್ಡ ಬಂದರೆ ಕೆಡುಕು ಎನ್ನುವುದಕ್ಕೆ ಎಷ್ಟು ಆಧಾರವಿದೆಯೋ ಇದಕ್ಕೂ ಅಷ್ಟೇ.

2019ರಲ್ಲಿ ವಿಮ್ ಎಂಬ ಕೋಡ್ ಬರೆಯುವ ಎಡಿಟರ್‌ನಲ್ಲಿ ಒಂದು ದೋಷ ಬಯಲಾಯಿತು. ವಿಮ್‌ನಲ್ಲಿ ಮೋಡ್‌ಲೈನ್ ಎಂಬ ಸೌಲಭ್ಯವಿದೆ. ಫೈಲಿನ ಮೊದಲ ಅಥವಾ ಕೊನೆಯ ಐದು ಸಾಲುಗಳಲ್ಲಿ "ಟ್ಯಾಬ್ ಅಗಲ ನಾಲ್ಕು ಇರಲಿ" ಎಂಬಂಥ ಸೂಚನೆ ಬರೆದಿಡಬಹುದು. ಆ ಸಾಲನ್ನೇ ಚೂರು ಚಾಲಾಕಿಯಿಂದ ಬರೆದರೆ ನಿಮ್ಮ ಕಂಪ್ಯೂಟರಿನಲ್ಲಿ ಯಾವ ಕಮಾಂಡ್ ಬೇಕಾದರೂ ಓಡುತ್ತಿತ್ತು. ಫೈಲ್ ತೆರೆದರೆ ಸಾಕು, ಬೇರೇನೂ ಮಾಡಬೇಕಿರಲಿಲ್ಲ. ಅದರಿಂದ ಹುಟ್ಟಿದ ನಿಯೋವಿಮ್‌ಗೂ ಅದೇ ಗತಿ. ಎರಡನ್ನೂ ಬೇಗ ಸರಿಪಡಿಸಿದರು.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇನ್ನೊಂದು ಎಡಿಟರ್ ಆದ ಈಮ್ಯಾಕ್ಸ್‌ನ ಕಥೆ. ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಅದರ ದೋಷಕ್ಕೆ ಸಿವಿಇ-2024-53920 ಎಂಬ ಸಂಖ್ಯೆ ಸಿಕ್ಕಿತು. ವಿಮ್‌ನದ್ದು ಪ್ರೋಗ್ರಾಮ್ ಬರೆಯುವಾಗ ಆದ ತಪ್ಪು. ಈಮ್ಯಾಕ್ಸ್‌ನದ್ದು ಹಾಗಲ್ಲ. ಅಲ್ಲಿ ಎಲ್ಲವೂ ಅಂದುಕೊಂಡ ಹಾಗೆಯೇ ಕೆಲಸ ಮಾಡುತ್ತಿತ್ತು, ಅಪಾಯ ಇದ್ದದ್ದೇ ಅದರಲ್ಲಿ.

ಈಮ್ಯಾಕ್ಸ್‌ನ ಬಹುಪಾಲು ಬರೆದಿರುವುದು ಲಿಸ್ಪ್ ಭಾಷೆಯಲ್ಲಿ. ಬೇರೆ ಹೆಚ್ಚಿನ ಭಾಷೆಗಳಲ್ಲಿ ವ್ಯಾಕರಣ ಮೊದಲೇ ನಿಗದಿಯಾಗಿರುತ್ತದೆ. ಲಿಸ್ಪ್‌ನಲ್ಲಿ ಹಾಗಿಲ್ಲ, ಬೇಕಾದ ಹೊಸ ವಾಕ್ಯರೂಪವನ್ನು ನಾವೇ ಸೇರಿಸಬಹುದು. ಇದಕ್ಕೆ ಮ್ಯಾಕ್ರೊ ಎನ್ನುತ್ತಾರೆ. 1963ರಲ್ಲಿ ಎಂಐಟಿಯ ಟಿಮೊಥಿ ಹಾರ್ಟ್ ಇದನ್ನು ಲಿಸ್ಪ್‌ಗೆ ತಂದರು. ಮ್ಯಾಕ್ರೊ ಅಂದರೆ ಒಂದು ಪುಟ್ಟ ಪ್ರೋಗ್ರಾಮ್. ಅದು ಒಂದು ತುಂಡು ಕೋಡ್ ತೆಗೆದುಕೊಂಡು ಇನ್ನೊಂದು ತುಂಡು ಕೋಡ್ ಕೊಡುತ್ತದೆ. ಹಾಗಾಗಿ ಮ್ಯಾಕ್ರೊ ಇರುವ ಸಾಲು ಏನು ಹೇಳುತ್ತಿದೆ ಎಂದು ತಿಳಿಯಬೇಕಿದ್ದರೆ ಆ ಪುಟ್ಟ ಪ್ರೋಗ್ರಾಮನ್ನು ಓಡಿಸಲೇಬೇಕು, ಬೇರೆ ದಾರಿಯಿಲ್ಲ. ಒಂದು ಅಡುಗೆ ಪುಸ್ತಕದಲ್ಲಿ ಮುಂದಿನ ಸಾಲಿನ ಅರ್ಥ ಬೇಕಿದ್ದರೆ ಮೊದಲು ಒಲೆ ಹಚ್ಚಿ ಎಂದು ಬರೆದಿದ್ದರೆ ಹೇಗೆ? ಓದುತ್ತಾ ಹೋದವರ ಮನೆಯಲ್ಲಿ ಒಲೆ ಉರಿದೇ ಉರಿಯುತ್ತದೆ.

ಈಗ ನೀವು ಹಳೆಯ ಈಮ್ಯಾಕ್ಸ್‌ನಲ್ಲಿ (30.1ಕ್ಕೆ ಮೊದಲಿನದು) ಯಾರೋ ಕಳಿಸಿದ ಲಿಸ್ಪ್ ಫೈಲ್ ತೆರೆದಿದ್ದೀರಿ ಎಂದುಕೊಳ್ಳಿ. ಎರಡಕ್ಷರ ಟೈಪ್ ಮಾಡಿ, ಉಳಿದದ್ದನ್ನು ತುಂಬಿಸು ಎಂದು ಎಡಿಟರ್‌ಗೆ ಹೇಳುತ್ತೀರಿ. ಆ ಜಾಗದಲ್ಲಿ ಯಾವ ಯಾವ ವೇರಿಯಬಲ್ (ಮೌಲ್ಯಕ್ಕೆ ಇಟ್ಟ ಹೆಸರು) ಇವೆ ಎಂದು ಅದು ಪಟ್ಟಿ ಮಾಡಬೇಕು. ಅದಕ್ಕೆ ಸುತ್ತಲಿನ ಮ್ಯಾಕ್ರೊಗಳನ್ನು ಬಿಡಿಸಬೇಕು. ಬಿಡಿಸುವುದು ಅಂದರೆ ಓಡಿಸುವುದು. ತಪ್ಪಿದ್ದ ಕಡೆ ಗೆರೆ ಎಳೆದು ತೋರಿಸುವ ಫ್ಲೈಮೇಕ್ ಆನ್ ಇದ್ದರೆ ನೀವು ಏನೂ ಟೈಪ್ ಮಾಡುವುದೂ ಬೇಡ. ಅದು ಫೈಲನ್ನು ತಾನಾಗಿಯೇ ಕಂಪೈಲ್ ಮಾಡಿ, ಅಂದರೆ ಯಂತ್ರಕ್ಕೆ ಓಡಿಸಲು ಸುಲಭವಾದ ರೂಪಕ್ಕೆ ತಿರುಗಿಸಿ, ನೋಡುತ್ತದೆ. ಇಲ್ಲಿ ಕೇಡಿಗನಿಗೆ ದೊಡ್ಡ ವಿದ್ಯೆಯೂ ಬೇಕಿಲ್ಲ. "ಕಂಪೈಲ್ ಆಗುವಾಗಲೇ ಇದನ್ನು ಓಡಿಸು" ಎನ್ನುವ ಮ್ಯಾಕ್ರೊ ಈಮ್ಯಾಕ್ಸ್ ಜೊತೆಗೇ ಬರುತ್ತದೆ. ಅದರೊಳಗೆ ನಿಮ್ಮ ಫೈಲ್ ಅಳಿಸುವ, ಪಾಸ್‌ವರ್ಡ್ ಕದಿಯುವ ಕೋಡ್ ಇಟ್ಟರೆ ಮುಗಿಯಿತು.

ಓದುವುದು ಯಾವುದು, ಓಡಿಸುವುದು ಯಾವುದು? ಲಿಸ್ಪ್ ಹುಟ್ಟಿದ್ದೇ ಈ ಗೊಂದಲದಿಂದ ಎನ್ನಬಹುದು. ಲಿಸ್ಪ್ ರೂಪಿಸಿದ ಜಾನ್ ಮೆಕಾರ್ಥಿ ತಮ್ಮ ಲೇಖನಕ್ಕಾಗಿ ಇವ್ಯಾಲ್ ಎಂಬ ಫಂಕ್ಷನ್ ಬರೆದಿದ್ದರು. ಲಿಸ್ಪ್ ಕೋಡನ್ನು ಲೆಕ್ಕ ಮಾಡಿ ಉತ್ತರ ಕೊಡುವ ಫಂಕ್ಷನ್ ಅದು. ಅವರಿಗೆ ಅದು ಕಾಗದದ ಮೇಲಿನ ಗಣಿತ. ಅವರ ಜೊತೆ ಕೆಲಸ ಮಾಡುತ್ತಿದ್ದ ಸ್ಟೀವ್ ರಸೆಲ್ ಅದನ್ನು ಯಂತ್ರಕ್ಕೆ ಹಾಕುತ್ತೇನೆ ಎಂದರು. ಇದು ಓದುವುದಕ್ಕೆ ಬರೆದದ್ದು, ಯಂತ್ರದಲ್ಲಿ ಓಡಿಸುವುದಕ್ಕಲ್ಲ ಎಂದು ಮೆಕಾರ್ಥಿ ಆಕ್ಷೇಪ ಎತ್ತಿದರು. ರಸೆಲ್ ಕೇಳಲಿಲ್ಲ. ಐಬಿಎಂ 704 ಯಂತ್ರದ ಭಾಷೆಗೆ ಅದನ್ನು ಕೈಯಿಂದಲೇ ಇಳಿಸಿದರು. ಲಿಸ್ಪ್ ಓಡಿತು! ಕಂಪ್ಯೂಟರ್ ಚರಿತ್ರೆಯಲ್ಲಿ ಇಷ್ಟು ಚೆಂದದ ಹಟ ನನಗೆ ಇನ್ನೊಂದು ಗೊತ್ತಿಲ್ಲ.

ಲಿಸ್ಪ್ ಮಾತ್ರ ಹೀಗೆ ಅಂದುಕೊಳ್ಳಬೇಡಿ. ರಸ್ಟ್ ಭಾಷೆಯ ಪ್ರಾಜೆಕ್ಟನ್ನು ತೆರೆದರೆ ಎಡಿಟರ್‌ಗೆ ಕೋಡ್ ಅರ್ಥಮಾಡಿಸುವ ರಸ್ಟ್ ಅನಲೈಝರ್ ಅದರ ಬಿಲ್ಡ್ ಸ್ಕ್ರಿಪ್ಟುಗಳನ್ನು, ಅಂದರೆ ಪ್ರೋಗ್ರಾಮ್ ಕಟ್ಟುವಾಗ ಓಡುವ ಪುಟ್ಟ ಪ್ರೋಗ್ರಾಮುಗಳನ್ನು, ಓಡಿಸುತ್ತದೆ. ಜಾವಾಸ್ಕ್ರಿಪ್ಟ್ ತಪ್ಪು ಹುಡುಕುವ ಇಎಸ್‌ಲಿಂಟ್‌ನ ಸೆಟ್ಟಿಂಗ್ ಫೈಲ್ ಕೂಡ ಜಾವಾಸ್ಕ್ರಿಪ್ಟೇ, ಓದಬೇಕಿದ್ದರೆ ಓಡಿಸಬೇಕು. ಎಡಿಟರ್ ಜಾಣನಾದಷ್ಟೂ ಅದು ಓಡಿಸುವುದು ಜಾಸ್ತಿಯಾಗುತ್ತದೆ.

"ಹಾಗಾದರೆ ಎಡಿಟರೇ ಫೈಲನ್ನು ಮೊದಲು ಪರೀಕ್ಷಿಸಿ, ಕೆಟ್ಟದ್ದಿದ್ದರೆ ತಡೆಯಲಿ, ಅಲ್ವಾ?" ಆಗುವುದಿಲ್ಲ. ಎಂಜಿನಿಯರುಗಳು ಜಾಣರಾಗಿಲ್ಲ ಎಂದಲ್ಲ, ಅದು ಗಣಿತದ ಮಿತಿ. ಯಾವುದೇ ಕೋಡ್ ನೋಡಿ ಕೆಟ್ಟದ್ದೋ ಒಳ್ಳೆಯದೋ ಎಂದು ತಪ್ಪದೆ ಹೇಳುವ ಪರೀಕ್ಷಕ ಪ್ರೋಗ್ರಾಮ್ ಒಂದಿದೆ ಎಂದುಕೊಳ್ಳಿ. ನಾನೊಂದು ಫೈಲ್ ಬರೆಯುತ್ತೇನೆ. ಅದು ತನ್ನನ್ನೇ ಆ ಪರೀಕ್ಷಕನಿಗೆ ಕೊಟ್ಟು ತೀರ್ಪು ಕೇಳುತ್ತದೆ. ಒಳ್ಳೆಯದು ಎಂದರೆ ನಿಮ್ಮ ಫೈಲುಗಳನ್ನು ಅಳಿಸುತ್ತದೆ, ಕೆಟ್ಟದ್ದು ಎಂದರೆ ಸುಮ್ಮನಿರುತ್ತದೆ. ಪರೀಕ್ಷಕ ಏನೇ ಹೇಳಿದರೂ ತಪ್ಪು. ಅಲನ್ ಟ್ಯೂರಿಂಗ್ 1936ರಲ್ಲೇ ಈ ಬಗೆಯ ತರ್ಕ ಹೂಡಿದ್ದರು. 1953ರಲ್ಲಿ ಹೆನ್ರಿ ರೈಸ್ ಅದನ್ನು ಇನ್ನೂ ಅಗಲಕ್ಕೆ ಹರಡಿದರು. ಆಂಟಿವೈರಸ್ ಹಾಕಿದ ಮೇಲೆ ಭಯವಿಲ್ಲ ಎನ್ನುವವರು ಈ ಒಂದು ತರ್ಕವನ್ನು ನಿಧಾನವಾಗಿ ಯೋಚಿಸಬೇಕು.

ಒಳಗೆ ಏನಿದೆ ಎಂದು ನೋಡಿ ತೀರ್ಮಾನಿಸಲು ಆಗದಿದ್ದರೆ ಉಳಿದದ್ದು ಹೊರಗಿನ ಗುರುತು. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ 2022ರಲ್ಲಿ ಒಡೆತನ ನೋಡಲು ಶುರುಮಾಡಿತು: ಫೋಲ್ಡರ್ ಬೇರೆ ಬಳಕೆದಾರನದ್ದಾದರೆ ನಿಮ್ಮ ಅನುಮತಿ ಇಲ್ಲದೆ ಮುಟ್ಟುವುದಿಲ್ಲ. ಹಲವರು ಬಳಸುವ ಕಂಪ್ಯೂಟರಿಗೆ ಇದು ಸರಿ. ಎಡಿಟರ್‌ಗೆ ಪ್ರಯೋಜನವಿಲ್ಲ, ಏಕೆಂದರೆ ಇಂಟರ್ನೆಟ್‌ನಿಂದ ಇಳಿಸಿದ ಫೈಲಿನ ಒಡೆಯರೂ ನೀವೇ ಆಗಿರುತ್ತೀರಿ. ನಿಯೋವಿಮ್ 2023ರಿಂದ, ಫೋಲ್ಡರಿನಲ್ಲಿರುವ ಸೆಟ್ಟಿಂಗ್ ಫೈಲನ್ನು ನೀವು ಒಪ್ಪಿದರೆ ಅದರ ಹ್ಯಾಶ್, ಅಂದರೆ ಬೆರಳಚ್ಚಿನಂಥ ಗುರುತು, ನೆನಪಿಡುತ್ತದೆ. ಒಂದಕ್ಷರ ಬದಲಾದರೂ ಮತ್ತೆ ಕೇಳುತ್ತದೆ. ಒಂದು ಚಿಕ್ಕ ಫೈಲಿಗೆ ಇದು ಬಹಳ ಒಳ್ಳೆಯ ಉಪಾಯ. ಗಂಟೆಗೊಮ್ಮೆ ಬದಲಾಗುವ ಪ್ರಾಜೆಕ್ಟಿಗೆ ಆಗಿಬರುವುದಿಲ್ಲ.

ಹಾಗಾಗಿ ಮೈಕ್ರೋಸಾಫ್ಟ್‌ನ ಎಡಿಟರ್ ವಿಎಸ್ ಕೋಡ್ 2021ರಲ್ಲೂ ಈಮ್ಯಾಕ್ಸ್ 2025ರಲ್ಲೂ ಜಾಗವನ್ನೇ ಗುರುತಾಗಿ ಹಿಡಿದವು. ಈ ಫೋಲ್ಡರಿನಲ್ಲಿದ್ದರೆ ನಂಬು, ಇಲ್ಲದಿದ್ದರೆ ಬೇಡ. ಇದರಲ್ಲಿ ವಿಎಸ್ ಕೋಡ್ ಮಾಡುವ ಒಂದು ಕೆಲಸ ನನಗೆ ಒಪ್ಪಿಗೆಯಿಲ್ಲ. ಹೊಸ ಫೋಲ್ಡರ್ ತೆರೆದ ತಕ್ಷಣ "ಇದನ್ನು ಬರೆದವರನ್ನು ನಂಬುತ್ತೀರಾ?" ಎಂದು ಪೆಟ್ಟಿಗೆ ಮೂಡುತ್ತದೆ. ಒಂದಕ್ಷರವನ್ನೂ ಓದದವನು ಏನು ಹೇಳಬೇಕು? ಕೆಲಸ ಸಾಗಲಿ ಎಂದು ಹೌದು ಒತ್ತುತ್ತಾನೆ. ವರ್ಡ್ ಮ್ಯಾಕ್ರೊಗಳಲ್ಲಿ, ಅಂದರೆ ವರ್ಡ್ ಫೈಲಿನೊಳಗೆ ಇಡುವ ಪುಟ್ಟ ಪ್ರೋಗ್ರಾಮುಗಳಲ್ಲಿ, ಇದನ್ನೇ ನೋಡಿದೆವು. 1999ರಲ್ಲಿ ಮೆಲಿಸ್ಸಾ ವೈರಸ್ ಹಬ್ಬಿದ ಮೇಲೂ ವರ್ಷಗಟ್ಟಲೆ ಎಚ್ಚರಿಕೆಯ ಪೆಟ್ಟಿಗೆ ತೋರಿಸುತ್ತಲೇ ಇದ್ದರು, ಜನ ಒತ್ತುತ್ತಲೇ ಇದ್ದರು. ಇಂಟರ್ನೆಟ್‌ನಿಂದ ಬಂದ ಮ್ಯಾಕ್ರೊಗಳನ್ನು ಮೈಕ್ರೋಸಾಫ್ಟ್ ಕೇಳದೆಯೇ ತಡೆಯಲು ಹೊರಟಿದ್ದು 2022ರಲ್ಲಿ. ಈಮ್ಯಾಕ್ಸ್ 30.1 ಕೇಳುವುದಿಲ್ಲ. ಫ್ಲೈಮೇಕ್‌ನ ಕಂಪೈಲ್ ಪರೀಕ್ಷೆಯನ್ನು ನಿಲ್ಲಿಸಿ ಕೆಳಗೊಂದು ಸಾಲು ತೋರಿಸುತ್ತದೆ, ಅಷ್ಟೇ. ಇದೇ ಸರಿ.

ಬಳಸುವವರು ಏನೂ ಹೇಳದಿದ್ದಾಗ ಎಡಿಟರ್ ಯಾವುದನ್ನು ನಂಬಬಹುದು? ಅದು ಶುರುವಾಗುವಾಗಲೇ ಓಡಿಸುವ, ನಿಮ್ಮದೇ ಸೆಟ್ಟಿಂಗ್ ಇರುವ ಇನಿಟ್ ಫೈಲನ್ನು ನಂಬಬಹುದು. ಅದರಲ್ಲಿ ಕೇಡು ಇದ್ದರೆ ಅದು ಆಗಲೇ ನಡೆದುಹೋಗಿರುತ್ತದೆ, ನಂಬಿದ್ದರಿಂದ ಹೊಸ ಅಪಾಯ ಹುಟ್ಟುವುದಿಲ್ಲ. ನೀವೇ ಇನ್‌ಸ್ಟಾಲ್ ಮಾಡಿಕೊಂಡು ಲೋಡ್ ಆಗಿರುವ ಪ್ಯಾಕೇಜುಗಳಿಗೂ ಇದೇ ಮಾತು. ನಿಮ್ಮ ಫೈಲುಗಳೆಲ್ಲ ಇರುವ ಹೋಮ್ ಫೋಲ್ಡರನ್ನು ಮಾತ್ರ ನಂಬಿಕೆಯ ಪಟ್ಟಿಗೆ ಯಾವತ್ತೂ ಸೇರಿಸಬಾರದು. ಡೌನ್‌ಲೋಡ್ಸ್ ಇರುವುದು ಅದರೊಳಗೇ. ಮೇಲಿನ ಫೋಲ್ಡರನ್ನು ನಂಬಿದರೆ ಒಳಗಿನದ್ದೆಲ್ಲವನ್ನೂ ನಂಬಿದಂತೆ. "ಪ್ರಾಜೆಕ್ಟ್ಸ್" ಎಂಬ ಹೆಸರು ನೋಡಿ ಊಹಿಸುವುದೂ ಬೇಡ, ಅಲ್ಲಿ ಅರ್ಧಕ್ಕರ್ಧ ಬೇರೆಯವರ ಕೋಡ್ ಇರುತ್ತದೆ.

ಬೆಂಗಳೂರಿನಲ್ಲಿ ಕೆಲಸ ಹುಡುಕುವ ಹುಡುಗ ಹುಡುಗಿಯರಿಗೆ ಇದನ್ನು ಒತ್ತಿ ಹೇಳುತ್ತೇನೆ. ಸಂದರ್ಶನಕ್ಕೆ ಮೊದಲು ಕೋಡಿಂಗ್ ಅಸೈನ್‌ಮೆಂಟ್ ಬರುವುದು ಮಾಮೂಲು. ಅದೇ ನೆಪದಲ್ಲಿ ಕೆಟ್ಟ ಕೋಡ್ ಕಳಿಸಿ ಕಂಪ್ಯೂಟರಿಗೆ ನುಗ್ಗುವ ಗುಂಪುಗಳೂ ಇವೆ. ಅಪರಿಚಿತರಿಂದ ಬಂದದ್ದಕ್ಕೆ ಬೇರೆಯೇ ಒಂದು ಫೋಲ್ಡರ್ ಇಟ್ಟುಕೊಳ್ಳಿ, ಅದನ್ನು ನಂಬಿಕೆಯ ಪಟ್ಟಿಗೆ ಸೇರಿಸಬೇಡಿ. ವಿಎಸ್ ಕೋಡ್ ಕೇಳಿದಾಗ ಇಲ್ಲ ಎನ್ನಿ. ಆಗ ಟಾಸ್ಕ್, ಡಿಬಗ್, ಕೆಲವು ಎಕ್ಸ್‌ಟೆನ್ಶನ್ ನಿಲ್ಲುತ್ತವೆ. ಓದುವುದಕ್ಕೆ ಅವು ಯಾವುವೂ ಬೇಕಿಲ್ಲ. ಓಡಿಸಲೇಬೇಕಾದರೆ ವರ್ಚುವಲ್ ಮಷೀನ್ ಒಳಗೆ, ಅಂದರೆ ನಿಮ್ಮ ಕಂಪ್ಯೂಟರಿನಲ್ಲೇ ಬೇರ್ಪಡಿಸಿಟ್ಟ ಇನ್ನೊಂದು ನಕಲಿ ಕಂಪ್ಯೂಟರಿನಲ್ಲಿ, ಓಡಿಸಿ.