ತುಸು ತುಕ್ಕು ಹಿಡಿಯುವ ಗೋಧಿಯ ಪರವಾಗಿ

ತುಕ್ಕು ರೋಗ ತಗಲಿದ ಗೋಧಿ ಹೊಲವನ್ನು ಹಾದು ಬಂದರೆ ಬಟ್ಟೆಗೆಲ್ಲ ಕಿತ್ತಳೆ ಬಣ್ಣದ ಪುಡಿ ಮೆತ್ತಿಕೊಳ್ಳುತ್ತದೆ. ಅಷ್ಟೂ ಶಿಲೀಂಧ್ರದ ಬೀಜಕಣಗಳು. ಗಾಳಿಗೆ ಸಿಕ್ಕರೆ ನೂರಾರು ಕಿಲೋಮೀಟರ್ ದೂರ ಹೋಗಿ ಇಳಿಯುತ್ತವೆ. ಔಷಧಿ ಸಿಂಪಡಿಸಬಹುದು, ಆದರೆ ರೋಗವನ್ನು ತಡೆಯುವ ಗುಣ ಬೀಜದಲ್ಲೇ ಇದ್ದರೆ ರೈತನಿಗೆ ಆ ಖರ್ಚು ಉಳಿಯುತ್ತದೆ.

ಈ ಗುಣವೂ ಮೆಂಡೆಲನ ನಿಯಮದಂತೆ ಪೀಳಿಗೆಯಿಂದ ಪೀಳಿಗೆಗೆ ಇಳಿಯುತ್ತದೆಂದು 1905ರಲ್ಲಿ ತೋರಿಸಿದವರು ಕೇಂಬ್ರಿಜ್‌ನ ರೋಲಂಡ್ ಬಿಫೆನ್. ಎರಡು ತಳಿಗಳನ್ನು ಕೂಡಿಸಿದ ಅವರ ಸಂಕರಣದ ಎರಡನೆಯ ಪೀಳಿಗೆಯಲ್ಲಿ ಸುಮಾರು ನಾಲ್ಕಕ್ಕೊಂದು ಗಿಡ ಹಳದಿ ತುಕ್ಕಿಗೆ ಜಗ್ಗಲಿಲ್ಲ.

ಸಂಕರಣವೆಂದರೆ ಬಲು ನಾಜೂಕಿನ ಕೆಲಸ. ಗೋಧಿಯ ಹೂವು ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ. ಆದ್ದರಿಂದ ತೆನೆ ಹಸಿರಾಗಿರುವಾಗಲೇ ಒಂದೊಂದು ಹೂವನ್ನೂ ಬಿಡಿಸಿ, ಒಳಗಿನ ಮೂರು ಪರಾಗಕೋಶಗಳನ್ನು ಒಡೆಯದಂತೆ ಚಿಮುಟದಿಂದ ಎತ್ತಿ, ತೆನೆಗೆ ಕಾಗದದ ಚೀಲ ತೊಡಿಸಬೇಕು. ಕೆಲವು ದಿನ ಕಳೆದ ಮೇಲೆ ಇನ್ನೊಂದು ತಳಿಯ ಪರಾಗವನ್ನು ಉದುರಿಸಬೇಕು. ಒಂದೇ ಒಂದು ಕೋಶ ಉಳಿದರೂ ಆ ಹೂವು ಕೈತಪ್ಪಿದಂತೆ.

ಇಷ್ಟು ಕಷ್ಟಪಟ್ಟು ತಂದ ವಂಶವಾಹಿಯೂ ಸೋಲುವುದುಂಟು. ರೈ ಧಾನ್ಯದಿಂದ ಗೋಧಿಗೆ ಬಂದ ಎಸ್‌ಆರ್31 ದಶಕಗಳ ಕಾಲ ಕಾಂಡ ತುಕ್ಕನ್ನು ದೂರವಿಟ್ಟಿತ್ತು. 1998ರಲ್ಲಿ ಉಗಾಂಡಾದಲ್ಲಿ ಅದನ್ನೂ ಮೀರಿದ ತಳಿಯ ಶಿಲೀಂಧ್ರ ಕಾಣಿಸಿಕೊಂಡಿತು. ಮುಂದೆ ಅದಕ್ಕೆ ಯುಜಿ99 ಎಂಬ ಹೆಸರಾಯಿತು. ಇಂಥ ವಂಶವಾಹಿ ಸಾಮಾನ್ಯವಾಗಿ ಶಿಲೀಂಧ್ರದ ಯಾವುದೋ ಒಂದು ಪ್ರೋಟೀನನ್ನು ಗುರುತು ಹಿಡಿಯುತ್ತದೆ. ಗುರುತು ಸಿಕ್ಕೊಡನೆ ಸೋಂಕು ತಗಲಿದ ಜೀವಕೋಶ ತಾನೇ ಸಾಯುತ್ತದೆ. ಜೀವಂತ ಕೋಶವನ್ನಷ್ಟೇ ಉಂಡು ಬದುಕುವ ತುಕ್ಕಿಗೆ ಅನ್ನವೇ ಇಲ್ಲದಂತಾಗುತ್ತದೆ. ಆದರೆ ಆ ಪ್ರೋಟೀನು ಬದಲಾದರೆ ಸಾಕು, ಶತ್ರು ಗುರುತೇ ಸಿಗದೆ ಒಳನುಗ್ಗುತ್ತಾನೆ.

ಹಾಗಾಗಿ ಒಂದು ಚುಕ್ಕೆಯೂ ಇಲ್ಲದ ಗಿಡಕ್ಕೆ ಮರುಳಾಗಬಾರದೆಂಬುದು ನನ್ನ ನಂಬಿಕೆ. ಎಲ್‌ಆರ್34 ಎಂಬ ವಂಶವಾಹಿಯನ್ನು ನೋಡಿ. ಅದಿರುವ ಗಿಡಕ್ಕೂ ತುಕ್ಕು ಬರುತ್ತದೆ, ಆದರೆ ನಿಧಾನವಾಗಿ, ಸಣ್ಣ ಸಣ್ಣ ಚುಕ್ಕೆಗಳಾಗಿ. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಹೊಲದಲ್ಲಿದ್ದರೂ ಅದು ಸೋತಿಲ್ಲ. ಎಲೆ ತುಕ್ಕು, ಹಳದಿ ತುಕ್ಕು, ಬೂದಿ ರೋಗ ಮೂರನ್ನೂ ತಡವರಿಸುವಂತೆ ಮಾಡುತ್ತದೆ. 2009ರಲ್ಲಿ ಅದನ್ನು ಬೇರ್ಪಡಿಸಿ ನೋಡಿದಾಗ, ಅದು ರೂಪಿಸುವುದು ವಸ್ತುಗಳನ್ನು ಸಾಗಿಸುವ ಬಗೆಯ ಪ್ರೋಟೀನೆಂದು ತಿಳಿಯಿತು.

ಇಂಥ ಮೂರು ನಾಲ್ಕು ಮಂದ ವಂಶವಾಹಿಗಳು ಒಂದೇ ಗಿಡದಲ್ಲಿ ಕೂಡಿದರೆ ರೋಗ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಕೂಡಿಸುವುದೇ ಕಷ್ಟ: ರೋಗವನ್ನು ಪೂರ್ತಿ ತಡೆಯುವ, ಎಸ್‌ಆರ್31ರಂಥ ವಂಶವಾಹಿಯೊಂದು ಜೊತೆಗಿದ್ದರೆ ಇವುಗಳ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಹಿಂದೆ ತಳಿ ತಜ್ಞರು ತೆನೆಯ ಕೆಳಗಿನ ಕೊನೆಯ ಎಲೆಯ ತುದಿಯನ್ನು ನೋಡುತ್ತಿದ್ದರು. ಅದು ಬೇಗ ಒಣಗಿದ್ದರೆ ಎಲ್‌ಆರ್34 ಇರಬಹುದೆಂಬ ಸುಳಿವು. ಈಗ ಮೊಳಕೆಯೆಲೆಯ ಚೂರೊಂದರ ಡಿಎನ್‌ಎ ಪರೀಕ್ಷೆ ಸಾಕು; ತುಕ್ಕು ಬರುವವರೆಗೆ ಕಾಯಬೇಕಾಗಿಲ್ಲ.